ಮುನಿಸಿಪಾಲಿಟಿಯ ಪಟ್ಟಿಯಲ್ಲಿ ನಮ್ಮ ಹೆಸರು

ಮದುವೆಯಾಗಿ ಬಿಳಿಚೋಡಿನಿಂದ ಚನ್ನಗಿರಿಗೆ ಬಂದ ದಿನ ನನ್ನ ಗಂಡ ನನ್ನನ್ನು ಒಂದು ದೊಡ್ಡ ಮನೆಗೆ ಕರೆದುಕೊಂಡು ಹೋದರು. ಎತ್ತರದ ಜಗಲಿ, ಕೆತ್ತನೆಯ ಬಾಗಿಲು, ಅಗಲವಾದ ನಡುಮನೆ. ಇಷ್ಟೂ ನಮ್ಮದೇ ಎಂದು ಅರೆಗಳಿಗೆ ಅಂದುಕೊಂಡೆ. ಅವರು ನಡುಮನೆ ದಾಟಿ ಎಡಗಡೆಯ ಒಂದು ಕೋಣೆಯ ಬಾಗಿಲು ತೆರೆದರು. ಹಿಂದೆ ಜೋಳ, ರಾಗಿ ತುಂಬಿಡುತ್ತಿದ್ದ ಕೋಣೆ ಅದು. ಕಿಟಕಿ ಇರಲಿಲ್ಲ. ಒಳಗೆ ನನ್ನ ಅತ್ತೆ ಒಂದು ಟ್ರಂಕಿನ ಪಕ್ಕ ಕುಳಿತಿದ್ದರು. ನಮ್ಮ ಬಾಡಿಗೆಯ ಮನೆ ಎಂದರೆ ಅಷ್ಟೇ.

ಆ ಕೋಣೆಗೆ ಇದ್ದದ್ದು ಒಂದೇ ಬಾಗಿಲು, ಅದೂ ನಡುಮನೆಗೆ ತೆರೆಯುವುದು. ನೀರಿಗೆ ಹೋಗಲಿ, ಹಿತ್ತಲಿಗೆ ಹೋಗಲಿ, ಆ ಮನೆಯ ಯಜಮಾನಿಯ ಎದುರಿಗೇ ಹಾದು ಹೋಗಬೇಕು. ಆಕೆ ವಿಧವೆ. ಮಗ, ಸೊಸೆ ಇದ್ದರೂ ಮನೆ ನಡೆಯುತ್ತಿದ್ದುದು ಆಕೆಯ ಮಾತಿನಲ್ಲೇ. ಇಡೀ ದಿನ ನಡುಮನೆಯ ಕಂಬಕ್ಕೆ ಒರಗಿ ಕುಳಿತು ಅಕ್ಕಿ ಆರಿಸುವುದೋ ಬತ್ತಿ ಹೊಸೆಯುವುದೋ ಮಾಡುತ್ತಿದ್ದರು. ಕೆಟ್ಟವರಲ್ಲ. ಆದರೆ ಎಲ್ಲಿಗೆ, ಯಾಕೆ, ಎಷ್ಟು ಹೊತ್ತಿಗೆ ಬರುತ್ತೀ ಎಂದು ಕೇಳದೆ ನನ್ನನ್ನು ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ದೀಪ ಹಚ್ಚಿದ ಮೇಲೆ ಮುಂಬಾಗಿಲಿಗೆ ಅಗುಳಿ ಬೀಳುತ್ತಿತ್ತು. ನನ್ನ ಗಂಡ ಬಟ್ಟೆ ಅಂಗಡಿಯೊಂದರ ಜಗಲಿಯಲ್ಲಿ ಮಿಷನ್ನು ಇಟ್ಟುಕೊಂಡು ಹೊಲಿಯುತ್ತಿದ್ದರು. ಹಬ್ಬ ಹತ್ತಿರವಾದಾಗ ಅವರು ಬರುವುದು ತಡವಾದರೆ ನಾನು ಅಗುಳಿ ತೆಗೆಯುವುದಕ್ಕೆ ಆಕೆಯ ಅಪ್ಪಣೆ ಕೇಳಬೇಕಾಗಿತ್ತು.

ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು. ಐದು ಜನ ಆ ಕೋಣೆಯಲ್ಲಿ ಮಲಗುತ್ತಿದ್ದೆವು. ಅತ್ತೆ ಉದ್ದದ ಹೆಂಗಸು. ಕಾಲು ಚಾಚಿದರೆ ಪಾದಗಳು ಹೊಸ್ತಿಲಿನಾಚೆ ನಡುಮನೆಗೆ ಹೋಗುತ್ತಿದ್ದವು. ಹೀಗಾಗಿ ಬಾಗಿಲು ಮುಚ್ಚುವಂತಿರಲಿಲ್ಲ. ಮದುವೆಯಾಗಿ ಆರು ವರ್ಷವಾದರೂ ನಾನೂ ನನ್ನ ಗಂಡನೂ ಮುಚ್ಚಿದ ಬಾಗಿಲಿನ ಹಿಂದೆ ನಾಲ್ಕು ಮಾತು ಆಡಿದ್ದಿಲ್ಲ.

ಹಿಂದೊಮ್ಮೆ ಪ್ಲೇಗು ಬಂದಾಗ ಊರಿನವರು ಗುಡಿಸಲು ಹಾಕಿಕೊಂಡಿದ್ದ ಬಯಲಿನಲ್ಲಿ ಮುನಿಸಿಪಾಲಿಟಿಯವರು ಚಿಕ್ಕ ಚಿಕ್ಕ ಮನೆಗಳ ಒಂದು ಸಾಲು ಕಟ್ಟಿಸಿದ್ದರು. ಎರಡನೇ ಸಾಲು ಕಟ್ಟುವವರಿದ್ದಾರೆ, ಮನೆಯಿಲ್ಲದವರು ಅರ್ಜಿ ಹಾಕಬಹುದು ಎಂದು ಗಂಡ ಅಂಗಡಿಯಲ್ಲಿ ಕೇಳಿಕೊಂಡು ಬಂದರು. ಅವರಿಗೆ ಸಹಿ ಹಾಕುವುದಷ್ಟೇ ಗೊತ್ತು. ನಾನು ಊರಿನ ಶಾಲೆಯಲ್ಲಿ ನಾಲ್ಕನೇ ಕ್ಲಾಸು ಓದಿದ್ದೆ. ಟ್ರಂಕಿನ ಮೇಲೆ ಕಾಗದ ಇಟ್ಟು ಅರ್ಜಿ ಬರೆದೆ. ಕೋಣೆಯ ಉದ್ದ ಅಗಲವನ್ನು ಗಂಡ ಹೊಲಿಗೆಯ ಟೇಪಿನಿಂದ ಅಳೆದು ಹೇಳಿದರು.

ಕಚೇರಿಯಲ್ಲಿ ಗುಮಾಸ್ತರು ಅರ್ಜಿ ತೆಗೆದುಕೊಂಡು ನಿಯಮ ಹೇಳಿ ಕಳಿಸಿದರಂತೆ. ನಮ್ಮದು ಹದಿನೇಳನೇ ಹೆಸರು. ಸರದಿ ಬರುವವರೆಗೂ ಇದೇ ಊರಿನಲ್ಲಿ ಇರಬೇಕು. ಊರು ಬಿಟ್ಟರೆ ಹೆಸರು ಹೊಡೆದು ಹಾಕುತ್ತಾರೆ. ಇರುವ ಜಾಗ ಸಾಕಷ್ಟಿದೆ ಎಂದು ತೋರಿದರೂ ಹಾಗೆಯೇ. ಅದನ್ನು ನೋಡಲು ಇನ್ಸ್‌ಪೆಕ್ಟರು ಮನೆಗೆ ಬರುತ್ತಾರೆ.

ಮೊದಲ ವರ್ಷ ನಾವು ಬಹಳ ಹುರುಪಿನಲ್ಲಿದ್ದೆವು. ಕಚೇರಿಯ ಜಗಲಿಯ ಹಲಗೆಗೆ ಪಟ್ಟಿ ಅಂಟಿಸಿದಾಗಲೆಲ್ಲ ಗಂಡ ಹೋಗಿ ನೋಡಿ ಬರುತ್ತಿದ್ದರು. ಹದಿನೇಳು ಹದಿನಾರಾಯಿತು, ಹದಿನಾರು ಹದಿಮೂರಾಯಿತು. ಆಮೇಲೆ ಯುದ್ಧ ಜೋರಾಗಿ ತಗಡು, ಸಿಮೆಂಟು ಸಿಗದೆ ಎರಡನೇ ಸಾಲಿನ ಗೋಡೆಗಳು ಸೊಂಟದೆತ್ತರಕ್ಕೆ ನಿಂತುಬಿಟ್ಟವು. ಇನ್ನು ಯಾರಾದರೂ ಮೊದಲ ಸಾಲಿನ ಮನೆ ಬಿಟ್ಟರೆ ಮಾತ್ರ ಪಟ್ಟಿ ಮೇಲೆ ಸರಿಯುತ್ತಿತ್ತು. ಆಟ ಆಡುತ್ತ ಆಡುತ್ತ ಮಕ್ಕಳು ಆ ಬಯಲಿಗೆ ಹೋಗಿ ಬಂದು, ನಮ್ಮ ಮನೆಯ ಗೋಡೆಯೊಳಗೆ ಎಕ್ಕದ ಗಿಡ ಬೆಳೆದಿದೆ ಎಂದು ವರದಿ ಒಪ್ಪಿಸುತ್ತಿದ್ದರು. ಅವರಿಗೆ ಅದು ಆಗಲೇ ನಮ್ಮ ಮನೆ.

ಒಂದು ದಿನ ಬೆಳಿಗ್ಗೆ ಗಂಡ ಅಂಗಡಿಗೆ ಹೋದ ಮೇಲೆ ಇನ್ಸ್‌ಪೆಕ್ಟರು ಬಂದರು. ತಲೆಗೆ ರುಮಾಲು, ಕೈಯಲ್ಲಿ ಪುಸ್ತಕ, ಹಿಂದೆ ಜವಾನ. ನಾನು ಸೆರಗು ಹೊದ್ದು ಕೋಣೆಯ ಬಾಗಿಲಲ್ಲಿ ನಿಂತೆ. ಯಜಮಾನಿ ಅವರಿಗೆ ಕೂರಲು ಚಾಪೆ ಹಾಸಿಸಿ, ಮಜ್ಜಿಗೆ ತರಿಸಿಕೊಟ್ಟರು.

"ಇವರಿಗೆ ಇಲ್ಲಿ ಏನು ಕಮ್ಮಿ ಆಗೈತೆ ಸ್ವಾಮಿ?" ಎಂದರು. "ಮಗಳ ಹಂಗೆ ನೋಡ್ಕಂಡೀನಿ. ನಡುಮನೆ ಐತೆ, ಹಿತ್ಲು ಐತೆ. ಇಡೀ ಮನೆ ಇವರದೇ ಅನ್ನಂಗೆ ಓಡಾಡ್ತಾರೆ. ನಮ್ಮನೇಲಿ ಇರೋರಿಗೆ ಜಾಗ ಸಾಲದು ಅಂತ ಊರಾಗೆ ಯಾರೂ ಅಂದಿಲ್ಲ."

ಆಕೆ ನಮಗೆ ಕೇಡು ಬಯಸಿ ಹೇಳಿದ್ದಲ್ಲ. ತನ್ನ ಮನೆಯಲ್ಲಿ ಬಾಡಿಗೆಗಿರುವವರು ಇಕ್ಕಟ್ಟಿನಲ್ಲಿದ್ದಾರೆ ಎಂದು ಸರ್ಕಾರದ ಪುಸ್ತಕದಲ್ಲಿ ಬರೆದುಕೊಂಡು ಹೋಗುವುದು ಆಕೆಗೆ ಅವಮಾನ. ಇನ್ಸ್‌ಪೆಕ್ಟರು ನನ್ನ ಕಡೆ ತಿರುಗಿ, ಹೌದೇನಮ್ಮ ಎಂದು ಕೇಳಿದರು. ಹೌದೆಂದರೆ ಪಟ್ಟಿಯಿಂದ ಹೆಸರು ಹೋಗುತ್ತದೆ. ಇಲ್ಲವೆಂದರೆ, ಅವರು ಹೋದ ಮರುಗಳಿಗೆಯೇ ನಾನು ಇದೇ ನಡುಮನೆ ದಾಟಿ ನೀರಿಗೆ ಹೋಗಬೇಕು. ಕಾಲ ಹೆಬ್ಬೆರಳು ನೋಡುತ್ತ ನಿಂತೆ.

ಪರಗಂಡಸರ ಮುಂದೆ ಅತ್ತೆ ದನಿ ಎತ್ತಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅವರು ಎದ್ದು ಬಂದರು. ಗೋಡೆಗೆ ಒರಗಿಸಿದ್ದ ಚಾಪೆಗಳನ್ನು ಒಂದೊಂದಾಗಿ ಹಾಸಿದರು. ಇದು ಮಗನದು, ಇದು ಸೊಸೆಯದು, ಇದು ಮೊಮ್ಮಕ್ಕಳದು ಎಂದು ಹೇಳುತ್ತ ಕೋಣೆಯ ನೆಲವೆಲ್ಲ ತುಂಬಿಸಿದರು. ಆಮೇಲೆ ಉಳಿದ ಸಂದಿನಲ್ಲಿ ತಾವು ಮಲಗಿದರು. ನೆರೆತ ಕೂದಲಿನ ಹೆಂಗಸು, ಹಗಲು ಹೊತ್ತಿನಲ್ಲಿ, ಮೂರು ಜನರ ಎದುರಿಗೆ. ಅವರ ಎರಡೂ ಪಾದಗಳು ಹೊಸ್ತಿಲು ದಾಟಿ ಇನ್ಸ್‌ಪೆಕ್ಟರ ಚಾಪೆಯ ಹತ್ತಿರಕ್ಕೆ ಬಂದವು.

"ಇದನ್ನ ಬರ್ಕಳ್ರಿ ಸ್ವಾಮಿ" ಎಂದರು ಮಲಗಿದಲ್ಲಿಂದಲೇ. "ಬಾಗಿಲು ಹಾಕಾಕೆ ಬರಲ್ಲ ಅಂತ ಬರ್ಕಳ್ರಿ."

ಇನ್ಸ್‌ಪೆಕ್ಟರು ಕಣ್ಣು ಬೇರೆ ಕಡೆ ತಿರುಗಿಸಿ, ಏಳಿ ತಾಯಿ, ಏಳಿ ಎಂದರು. ಬರೆದುಕೊಂಡರು. ಮಜ್ಜಿಗೆ ಅರ್ಧ ಬಿಟ್ಟು ಹೋದರು.

ಅವತ್ತಿನಿಂದ ಯಜಮಾನಿ ನಮ್ಮೊಂದಿಗೆ ಮಾತು ಬಿಟ್ಟರು. ಮನೆ ಬಿಡಿ ಎಂದು ಹೇಳಲಿಲ್ಲ. ಬೈಯಲಿಲ್ಲ. ನಾನು ನಡುಮನೆಗೆ ಕಾಲಿಟ್ಟ ಕೂಡಲೇ ಅಕ್ಕಿ ಆರಿಸುತ್ತಿದ್ದ ಕೈ ನಿಲ್ಲುತ್ತಿತ್ತು. ದಾಟಿಹೋದ ಮೇಲೆ ಮತ್ತೆ ಮೊರದ ಸದ್ದು. ಎಲ್ಲಿಗೆ ಎಂದು ಕೇಳುವವರು ಈಗ ಇರಲಿಲ್ಲ. ನಾನು ಹಿಂದೆ ಎಷ್ಟು ಬಯಸಿದ್ದೆನೋ ಅದೇ ಸಿಕ್ಕಿತ್ತು, ಆದರೂ ಆ ಹನ್ನೆರಡು ಹೆಜ್ಜೆ ನಡೆಯುವುದು ಮೊದಲಿಗಿಂತ ಕಷ್ಟವಾಯಿತು. ಬೆಳಿಗ್ಗೆ ಒಂದೇ ಸಲಕ್ಕೆ ಇಡೀ ದಿನದ ನೀರು ತಂದಿಟ್ಟುಕೊಳ್ಳುತ್ತಿದ್ದೆ. ಮಕ್ಕಳಿಗೆ ಪದೇ ಪದೇ ಹೊರಗೆ ಹೋಗಬೇಡಿ ಎಂದು ಗದರುತ್ತಿದ್ದೆ. ಕತ್ತಲ ಕೋಣೆಯಲ್ಲಿ ಮೂವರು ಹೆಣ್ಣುಮಕ್ಕಳನ್ನೂ ನಾನೇ ಹಿಡಿದು ಕೂರಿಸಿದಂತಾಗಿತ್ತು, ಅತ್ತೆಯೂ ಸೇರಿ.

ಹೀಗೆ ಒಂದು ವರ್ಷ ಕಳೆದಿರಬೇಕು. ನಮ್ಮ ಹೆಸರು ನಾಲ್ಕಕ್ಕೆ ಬಂದಿತ್ತು. ಆಗ ನ್ಯಾಮತಿಯಿಂದ ನನ್ನ ಗಂಡನ ಅಣ್ಣ ಬಂದರು. ಅಲ್ಲಿ ಬಟ್ಟೆ ಅಂಗಡಿ ತೆರೆಯುತ್ತಿದ್ದರು. ಹೊಲಿಗೆಯ ಕೆಲಸ ತಮ್ಮನೇ ನೋಡಿಕೊಳ್ಳಲಿ, ಹಿಂದೆ ಎರಡಂಕಣದ ಮನೆ ಖಾಲಿ ಇದೆ, ಬಂದುಬಿಡಿ ಎಂದು ಕರೆದರು. ಊಟ ಮಾಡಿ ಅವರು ಬಸ್ಸಿಗೆ ಹೋದ ಮೇಲೆ ಗಂಡ ನನ್ನನ್ನು ಹಿತ್ತಲಿನ ನುಗ್ಗೆ ಮರದ ಹತ್ತಿರ ಕರೆದರು. ಬೇರೆ ಕಡೆ ಮಾತಾಡುವ ಹಾಗಿರಲಿಲ್ಲ.

"ಹೋಗಾನ ಕಣೆ" ಎಂದರು. "ಆ ಪಟ್ಟಿ ನೆಚ್ಕಂಡು ಇನ್ನೆಷ್ಟು ವರ್ಷ ಕೂರಾದು?"

"ಹೋದ್ರೆ ಹೆಸರು ಹೊಡೆದಾಕ್ತಾರೆ" ಎಂದೆ. "ನಾಲ್ಕಕ್ಕೆ ಬಂದೈತೆ. ಅತ್ತೆ ಅವತ್ತು ಹಂಗೆ ಮಲಗಿ ತೋರಿಸಿದ್ದು ಏನಾತು?"

ಅವರು ನುಗ್ಗೆಯ ಒಂದು ಎಲೆ ಕಿತ್ತು ಕೈಯಲ್ಲಿ ಉಜ್ಜುತ್ತ ನಿಂತರು. ನನಗಿಂತ ಮೆತ್ತನೆಯ ಮನುಷ್ಯ. ನೀನು ಹೇಳಿದಂಗೆ ಆಗಲಿ ಎಂದು ಅಂಗಡಿಗೆ ಹೋದರು. ಅಣ್ಣನಿಗೆ ಬರುವುದಿಲ್ಲ ಎಂಬ ಕಾಗದವನ್ನೂ ನಾನೇ ಬರೆದೆ. ಅತ್ತೆಯನ್ನು ಕೇಳಬೇಕೆಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ತಿಳಿದ ಮೇಲೆ ಅವರು ಅಂದದ್ದು ಇಷ್ಟೇ: ನಾನು ಮಲಗಿದ್ದು ನೀವು ಎದ್ದು ಹೋಗಲಿ ಅಂತ, ಇಲ್ಲೇ ಕೂತಿರಲಿ ಅಂತಲ್ಲ.

ಆಮೇಲಿನ ಎಂಟು ತಿಂಗಳು ಬೇರೆ ಯಾರನ್ನೂ ದೂರುವಂತಿರಲಿಲ್ಲ. ಹಿಂದೆಲ್ಲ ಯಜಮಾನಿ, ಕಚೇರಿ, ಯುದ್ಧ ಎಂದು ಬೈದುಕೊಳ್ಳುತ್ತಿದ್ದೆ. ಈಗ ತೆರೆದ ಬಾಗಿಲನ್ನು ಎಳೆದು ಮುಚ್ಚಿದವಳು ನಾನೇ. ಗಂಡ ಆ ಮಾತು ಎತ್ತಲಿಲ್ಲ. ಎತ್ತಿದ್ದರೆ ಜಗಳವಾದರೂ ಆಗುತ್ತಿತ್ತು.

ಕಡೆಗೆ ಮೊದಲ ಸಾಲಿನಲ್ಲಿದ್ದ ಒಬ್ಬ ಮೇಷ್ಟರಿಗೆ ಜಗಳೂರಿಗೆ ವರ್ಗವಾಗಿ ಮನೆ ಖಾಲಿಯಾಯಿತು. ನಮ್ಮ ಮುಂದಿದ್ದವರಲ್ಲಿ ಒಬ್ಬರು ಹೊನ್ನಾಳಿಗೆ ಹೋಗಿಬಿಟ್ಟಿದ್ದರು, ಇನ್ನಿಬ್ಬರಿಗೆ ಆಗಲೇ ಮನೆ ಸಿಕ್ಕಿತ್ತು. ಜವಾನ ಬಂದು ಹುಕುಮಿನ ಕಾಗದ ಕೊಟ್ಟ. ಎರಡು ಕೋಣೆ, ಒಂದು ಕಿಟಕಿ, ಸಣ್ಣ ಜಗಲಿ.

ಸಾಮಾನು ಕೈಗಾಡಿಗೆ ಹೇರಿಸಿದ ಮೇಲೆ ನಾನು ನಡುಮನೆಗೆ ಹೋಗಿ ಯಜಮಾನಿಗೆ ನಮಸ್ಕಾರ ಮಾಡಿದೆ. ಆಕೆ ಮೊರ ಪಕ್ಕಕ್ಕಿಟ್ಟರು. ಇಪ್ಪತ್ತು ತಿಂಗಳ ಮೇಲೆ ಮೊದಲ ಸಲ ನನ್ನೊಂದಿಗೆ ಮಾತಾಡಿದರು.

"ನಿನ್ನತ್ತೆ ಮ್ಯಾಲೆ ನಂಗೆ ಸಿಟ್ಟಿಲ್ಲ" ಎಂದರು. "ಆಕೆ ಇದ್ದದ್ದು ತೋರಿಸಿದ್ಲು. ನೀನು ಇಷ್ಟು ವರ್ಷ ನನ್ನ ಕಣ್ಣೆದುರಿಗೇ ಓಡಾಡಿದೆ. ಜಾಗ ಸಾಲ್ದು ಅಮ್ಮಾ ಅಂತ ಒಂದು ಮಾತು ಅನ್ನಬಾರದಿತ್ತಾ? ದೇವರಮನೆ ಪಕ್ಕದ ಕೋಣೆ ನನ್ನ ಮಗಳು ಬಂದಾಗ ಬಿಟ್ರೆ ಖಾಲೀನೇ ಇರ್ತಿತ್ತು."

ನಿಜವಾಗಿ ಕೊಡುತ್ತಿದ್ದರೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ಮಾತಿಗೆ ಅಂದದ್ದೂ ಇರಬಹುದು. ಆದರೆ ಆ ಗಳಿಗೆಯಲ್ಲಿ ನನ್ನ ತಲೆಗೆ ಮೊದಲು ಬಂದದ್ದು, ಕೊಟ್ಟಿದ್ದರೆ ಪಟ್ಟಿಯಿಂದ ಹೆಸರು ಹೋಗುತ್ತಿತ್ತು ಎಂಬುದು. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು. ತಪ್ಪಾಯಿತು ಎಂದು ಹೇಳಿ ಹೊರಗೆ ಬಂದೆ. ಕೈಗಾಡಿ ಆಗಲೇ ಬೀದಿಯ ತಿರುವಿನಲ್ಲಿತ್ತು. ಅತ್ತೆ ಮೊಮ್ಮಕ್ಕಳ ಕೈ ಹಿಡಿದುಕೊಂಡು ಅದರ ಹಿಂದೆ ದಾಪುಗಾಲು ಹಾಕುತ್ತಿದ್ದರು.

ಆ ಮನೆಯಲ್ಲಿ ನಾವು ಬಹಳ ವರ್ಷ ಬಾಳಿದೆವು. ಗಂಡ ಮಿಷನ್ನನ್ನು ನಮ್ಮದೇ ಜಗಲಿಗೆ ತಂದುಕೊಂಡರು. ಅತ್ತೆ ಸಾಲಿನ ಎಲ್ಲ ಮನೆಗಳಿಗೂ ಹೋಗಿ ಬಂದು, ಎಲ್ಲರ ಸಂಸಾರದ ಸುದ್ದಿ ತಿಳಿದುಕೊಂಡರು. ನ್ಯಾಮತಿಯ ಅಂಗಡಿಗೆ ಅಣ್ಣ ಬೇರೊಬ್ಬ ಹೊಲಿಗೆಯವನನ್ನು ಸೇರಿಸಿಕೊಂಡಿದ್ದರು. ಅದು ಚೆನ್ನಾಗಿ ನಡೆಯುತ್ತಿತ್ತಂತೆ. ಆ ಕಡೆಯವರು ಯಾರಾದರೂ ಬಟ್ಟೆ ಹೊಲಿಸಲು ಬಂದರೆ ಗಂಡ ಅಳತೆ ತೆಗೆಯುತ್ತ, ನಮ್ಮಣ್ಣನ ಅಂಗಡಿ ಹೆಂಗೈತೆ ಎಂದು ಸಹಜವಾಗಿಯೇ ವಿಚಾರಿಸುತ್ತಿದ್ದರು. ಅದು ಕಿವಿಗೆ ಬಿದ್ದ ಕೂಡಲೇ ನಾನು ಎದ್ದು ಒಳಗಿನ ಕೋಣೆಗೆ ಹೋಗುತ್ತಿದ್ದೆ. ಬಂದವರು ಹೋಗುವವರೆಗೂ ಬಾಗಿಲು ಮುಚ್ಚಿಕೊಂಡು ಅಲ್ಲೇ ಕುಳಿತಿರುತ್ತಿದ್ದೆ.