ಮೊದಲ ಏಟಿಗೆ ಹತ್ತುವ ಲೈಟರು

ಆಡೂರಿನ ಹಿಟ್ಟಿನ ಗಿರಣಿಯ ಉಳಿವೆಪ್ಪನಿಗೆ ಬೀಡಿ ಸಿಗರೇಟಿನ ಚಟವಿಲ್ಲ. ಎಲೆ ಅಡಿಕೆ ಕೂಡ ಯಾರಾದರೂ ಕೈಗೆ ಕೊಟ್ಟರೆ ಮಾತ್ರ. ಅಂಥ ಮನುಷ್ಯ ಅರವತ್ತೊಂದನೆಯ ವಯಸ್ಸಿನಲ್ಲಿ ಹಾನಗಲ್ಲು, ಶಿಗ್ಗಾವಿಯ ಕಂಡಕಂಡ ಪಾನ್ ಅಂಗಡಿಯ ಮುಂದೆ ನಿಂತು, "ಪೈಪ್ ಹಚ್ಚಾಕ ಒಂದು ಛಲೋ ಲೈಟರ್ ಐತೇನ್ರಿ?" ಎಂದು ಕೇಳುತ್ತಿದ್ದ. ಅಂಗಡಿಯವರು ಅವನ ಹುಬ್ಬಿನ ಮೇಲಿನ ಹಿಟ್ಟನ್ನೂ ಗಿರಿಜಾ ಮೀಸೆಯನ್ನೂ ನೋಡಿ ನಗುತ್ತಿದ್ದರು. ಜನ ನಗುವುದು ಅವನಿಗೆ ಆ ಹೊತ್ತಿಗೆ ರೂಢಿಯಾಗಿತ್ತು.

ಇಪ್ಪತ್ತಾರು ವರ್ಷಗಳಿಂದ ಊರಿನ ನಾಟಕದಲ್ಲಿ ಗೌಡನ ಪಾತ್ರ ಅವನದು. ಗಿರಣಿಯ ಗದ್ದಲದ ಮೇಲೆ ಮಾತಾಡಿ ಮಾತಾಡಿ ಬೆಳೆದ ದನಿ, ಮೈಕು ಕೈಕೊಟ್ಟರೂ ಕೊನೆಯ ಸಾಲಿಗೆ ಮುಟ್ಟುತ್ತಿತ್ತು. ಮೀಸೆ ಸ್ವಂತದ್ದು. ಪಾತ್ರದ ಜೊತೆಗೆ ಹಳೆಯ ನಾಟಕದ ಮಾಸ್ತರು ಒಂದು ಕಟ್ಟಿಗೆಯ ಪೈಪನ್ನೂ ಒಂದು ಲೈಟರನ್ನೂ ಅವನ ಕೈಗಿಟ್ಟು ಹೋಗಿದ್ದರು. ಮೂರನೇ ಅಂಕದಲ್ಲಿ ಗೌಡ ವಿಧವೆ ಗಂಗವ್ವನ ಅಂಗಳಕ್ಕೆ ಬರುತ್ತಾನೆ. ಮಾತಿಲ್ಲದೆ ಪೈಪು ತುಂಬುತ್ತಾನೆ. ಲೈಟರು ಒಂದೇ ಏಟಿಗೆ ಹತ್ತಬೇಕು. ಎರಡು ದಮ್ಮು ಎಳೆದು, ಮುಚ್ಚಳವನ್ನು ಟಪ್ಪೆಂದು ಮುಚ್ಚಿ, ಅವಳ ಮನೆಯ ಕಡೆ ನೋಡುತ್ತ ಹೇಳಬೇಕು: "ಈ ಬೆಂಕಿಗೆ ತಂಬಾಕ ಯಾವುದು, ಮಾಳಿಗಿ ತೊಲಿ ಯಾವುದು, ಗೊತ್ತಾಗಂಗಿಲ್ಲ ಗಂಗವ್ವಾ!" ಈ ಮಾತಿಗೆ ಹೆಂಗಸರು ಮಕ್ಕಳನ್ನು ಮಡಿಲಿಗೆ ಎಳೆದುಕೊಳ್ಳುವುದನ್ನು ಅವನು ರಂಗದ ಮೇಲಿನಿಂದಲೇ ಕಂಡಿದ್ದ.

ಮಾಸ್ತರ ಲೈಟರು ಎರಡು ವರ್ಷದ ಹಿಂದೆ ಬಸ್ಸಿನಲ್ಲಿ ಎಲ್ಲೋ ಬಿದ್ದುಹೋಯಿತು. ಹೋದ ವರ್ಷ ತಿಳವಳ್ಳಿಯಲ್ಲಿ ಆಟವಾದಾಗ ಅವನ ಕೈಯಲ್ಲಿದ್ದದ್ದು ಶಿಗ್ಗಾವಿಯಲ್ಲಿ ಕೊಂಡ ಹೊಸ ಗ್ಯಾಸಿನ ಲೈಟರು. ಟಕ್. ಹತ್ತಲಿಲ್ಲ. ಟಕ್, ಟಕ್. ಇಲ್ಲ. ನಾಲ್ಕನೆಯದೂ ಹುಸಿಯಾದಾಗ ಲೈಟರನ್ನು ಕೊಡವಿ ಮತ್ತೆ ಹೊಡೆದ. ಏಳನೆಯದಕ್ಕೆ ಮುಂದಿನ ಸಾಲಿನಿಂದ ಯಾರೋ ಕೂಗಿದರು: "ಗೌಡ್ರ, ಕಡ್ಡಿಪೆಟಗಿ ಕೊಡ್ಲೇನ್ರಿ?"

ಜನ ಬಿದ್ದುಬಿದ್ದು ನಕ್ಕರು. ಅಳಬೇಕಾಗಿದ್ದ ಗಂಗವ್ವ, ಅಂದರೆ ಊರಿನ ಸೊಸೆ ಅಂಕಿತಾ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಭುಜ ಕುಣಿಸುತ್ತಿದ್ದಳು. ಆ ಏಳು ಟಕ್ಕುಗಳ ವಿಡಿಯೋ ಮರುದಿನ ಬೆಳಗಾಗುವಷ್ಟರಲ್ಲಿ ಊರಿನ ಎಲ್ಲ ಫೋನುಗಳಲ್ಲೂ ಇತ್ತು. ಅಂದಿನಿಂದ ಅವನು ಕಡ್ಡಿಪೆಟಗಿ ಗೌಡ.

ದೀಪಾವಳಿ ಮುಗಿದ ವಾರ ಕೊಟ್ರೇಶ ಗಿರಣಿಗೆ ಬಂದ. ಪಂಚಾಯ್ತಿಯಲ್ಲಿ ಕಂಪ್ಯೂಟರ್ ಕೆಲಸ; ಈಗ ನಾಟಕ ಕಲಿಸುವವನೂ ಅವನೇ. ಹಿಟ್ಟಿನ ಡಬ್ಬಿ ತಂದಿರಲಿಲ್ಲ. ಅದನ್ನು ನೋಡಿಯೇ ಉಳಿವೆಪ್ಪ ಸುದ್ದಿ ಒಳ್ಳೆಯದಲ್ಲ ಎಂದುಕೊಂಡ.

"ಕಾಕಾ, ಫೆಬ್ರುವರಿಗೆ ಹಿರೇಕೆರೂರಾಗ ನಾಟಕದ ಸ್ಪರ್ಧಾ ಐತಿ. ಹಾಲ್ ಒಳಗ, ಮಧ್ಯಾಹ್ನ."

"ಛಲೋ ಆತಲ್ಲ."

"ಹುಡುಗ್ರು ಅನ್ನಾಕತ್ತಾರ... ಈ ಸಲ ಗೌಡನ ಪಾತ್ರ ಬಸವೇಶ ಮಾಡ್ಲಿ ಅಂತ. ನೀವು ಪೂಜಾರಿ ಪಾರ್ಟ್ ಮಾಡ್ರಿ. ಅದರಾಗ ಬೆಂಕಿ ಉಸಾಬರಿ ಇಲ್ಲ."

ಉಳಿವೆಪ್ಪ ಗಿರಣಿ ನಿಲ್ಲಿಸಿದ.

"ಹಿರೇಕೆರೂರಾಗ ಒಮ್ಮೆ ಹತ್ತಿಸಿ ತೋರಸ್ತೇನಿ, ಕೊಟ್ರೇಶ. ಮೊದಲನೇ ಏಟಿಗೆ ಹತ್ತಲಿಲ್ಲ ಅಂದ್ರ ಪೈಪ್ ನಾನ ಬಸವೇಶನ ಕೈಯಾಗ ಕೊಡ್ತೇನಿ. ಸ್ಟೇಜ್ ಇಳಿದ ಕೂಡ್ಲೇ."

ಅಂದಿನಿಂದ ಲೈಟರಿನ ಹುಡುಕಾಟ. ಶಿಗ್ಗಾವಿಯದನ್ನು ಪೈಪಿನ ಬಾಯಿಗೆ ಬಗ್ಗಿಸಿದರೆ ಬೆಂಕಿ ಮೇಲೇರಿ ಹೆಬ್ಬೆರಳನ್ನೇ ನೆಕ್ಕುತ್ತಿತ್ತು. ಹಾನಗಲ್ಲಿನಲ್ಲಿ ಸಿಕ್ಕದ್ದು ಭುಸ್ಸೆಂದು ನೀಲಿ ಜ್ವಾಲೆ ಉಗುಳುವಂಥದು; ಗಾಳಿಗೆ ಜಗ್ಗದು, ಆದರೆ ಎರಡೇ ದಿನದಲ್ಲಿ ಪೈಪಿನ ಅಂಚನ್ನು ಕರಕಲು ಮಾಡಿ, ಎಡಮೀಸೆಯ ತುದಿಯನ್ನೂ ಸುಟ್ಟಿತು. ಎರಡೂ ಮೊದಲ ವಾರ ಚೆನ್ನಾಗಿ ಹತ್ತುತ್ತಿದ್ದವು, ಆಮೇಲೆ ಮುನಿಸಿಕೊಳ್ಳುತ್ತಿದ್ದವು. ಅವನು ಹಗಲೆಲ್ಲ ಜೇಬಿನಿಂದ ತೆಗೆದು ಟಕ್ ಟಕ್ ಎಂದು ರೂಢಿ ಮಾಡುತ್ತಲೇ ಇದ್ದ. ಹೆಂಡತಿ ಸರೋಜವ್ವ ಅದನ್ನು ಕಂಡು ಉರಿದುಬಿದ್ದಳು.

"ಗಿರಣ್ಯಾಗ ಹಿಟ್ಟು ಹಾರಾಕತ್ತೈತಿ, ನೀವು ಬೆಂಕಿ ಆಡಸ್ತೀರಲ್ಲ! ಹಾರೂ ಹಿಟ್ಟಿಗೆ ಕಿಡಿ ಬಿದ್ರ ಗಿರಣಿ, ಗೌಡಕಿ ಎರಡೂ ಒಮ್ಮೆ ಹೋಗ್ತಾವು. ನಾಳೆ ಸವಣೂರಿಗೆ ನಡೀರಿ. ಬಸ್ ಸ್ಟ್ಯಾಂಡ್ ಹತ್ರ ರಾಜೇಸಾಬ್ರು ಅದಾರ. ನನ್ನ ತವರುಮನಿ ಸ್ಟೋವ್ ಮೂವತ್ತ ವರ್ಷ ಅವರ ರಿಪೇರಿ ಮಾಡ್ಯಾರ."

ರಾಜೇಸಾಬರ ಡಬ್ಬಿ ಅಂಗಡಿಯಲ್ಲಿ ಒಬ್ಬರು ಕೂತರೆ ಇನ್ನೊಬ್ಬರು ಹೊರಗೆ ನಿಲ್ಲಬೇಕು. ಬ್ಯಾಟರಿ, ಸ್ಟೋವು, ಛತ್ರಿ, ಲೈಟರು, ಎಲ್ಲದಕ್ಕೂ ಅಲ್ಲಿ ಔಷಧವುಂಟು. ಅವರು ಕನ್ನಡಕದ ಮೇಲೆ ಇನ್ನೊಂದು ಭೂತಗನ್ನಡಿ ಸಿಕ್ಕಿಸಿಕೊಂಡು, ಶಿಗ್ಗಾವಿಯ ಲೈಟರನ್ನು ಬಿಚ್ಚಿ, ಒಂದು ಕಾಗದದ ಮೇಲೆ ಕೊಡವಿದರು. ಬಿಳಿ ಪುಡಿ ಉದುರಿತು. ಹಾನಗಲ್ಲಿನದನ್ನು ಕೊಡವಿದರು. ಅದರಿಂದಲೂ ಉದುರಿತು.

"ಇದೇನ್ರಿ ಉಳಿವೆಪ್ಪಣ್ಣಾ? ಜ್ವಾಳದ್ದೋ ಗೋದಿದೋ?"

ಉಳಿವೆಪ್ಪ ಬಗ್ಗಿ ನೋಡಿದ.

"ಅಲ್ರೀ ಅಕ್ಕಾರ," ರಾಜೇಸಾಬರು ಸರೋಜವ್ವನ ಕಡೆ ತಿರುಗಿದರು, "ಒಂದ ಚೂರು ನೀರು ಕೂಡಿಸಿದ್ರ ಇದರಾಗ ರೊಟ್ಟಿ ಬಡೀಬಹುದು ನೋಡ್ರಿ! ಲೈಟರ್ದು ತಪ್ಪಿಲ್ಲ. ಯಾ ಜೇಬಿನಾಗ ಇಡ್ತಿದ್ರಿ?"

"ಗಿರಣಿ ಅಂಗಿ ಜೇಬಿನಾಗ," ಎಂದಳು ಸರೋಜವ್ವ. "ಕೂಸಿನಗತೆ ಎದಿಗೆ ಅವಚಿಕೊಂಡ ಇರ್ತಿದ್ರು."

ಉಳಿವೆಪ್ಪನ ಕಿವಿ ಬಿಸಿಯಾಯಿತು. ಕೈಕೊಡಬಾರದೆಂದು ಜೋಪಾನ ಮಾಡಿದ್ದೇ ಕೈಕೊಟ್ಟಿತ್ತು. ತಿಳವಳ್ಳಿಯ ಏಳು ಟಕ್ಕುಗಳೂ ಅವನ ಸ್ವಂತ ಹಿಟ್ಟಿನವೇ.

ರಾಜೇಸಾಬರು ಪೈಪನ್ನು ಕೇಳಿ ಇಸಿದುಕೊಂಡು ಕರಕಲು ಅಂಚಿನ ಮೇಲೆ ಉಗುರಾಡಿಸಿದರು. "ಪೈಪಿಗೆ ಜೋರ ಬೆಂಕಿ ಬ್ಯಾಡ್ರಿ, ಮೆತ್ತಗಿಂದು ಬೇಕು. ನೀವು ದಮ್ಮ ಎಳದ್ರ ಅದು ತಾನ ಕೆಳಗ ಬಾಗಬೇಕು. ಗಾಳಿಗೂ ತಡೀಬೇಕು. ಹಾಲ್‌ನಾಗ ಫ್ಯಾನ್ ಇರ್ತಾವ ಇಲ್ಲೋ?" ಹಲಗೆಯ ಕೆಳಗಿನ ಡಬ್ಬಿಯಿಂದ ಒಂದು ಉಕ್ಕಿನ ಲೈಟರು ತೆಗೆದರು. ಬತ್ತಿಯ ಸುತ್ತ ತೂತುತೂತಿನ ತಗಡು, ಮೇಲೆ ಗಟ್ಟಿ ಮುಚ್ಚಳ. ಒಳಗಿನ ಹತ್ತಿಗೆ ಪೆಟ್ರೋಲ್ ಕುಡಿಸಿ, ಕಿಡಿ ಹಾರಿಸುವ ಹೊಸ ಕಲ್ಲು ಹಾಕಿ, ಗಾಲಿ ತಿಕ್ಕಿದರು. ಹಳದಿ ಬೆಂಕಿ ಎದ್ದಿತು. ಬಾಯಿಂದ ಊದಿದರು. ಬಾಗಿ, ಮತ್ತೆ ಎದ್ದಿತು.

"ಇದಕ್ಕೂ ಒಂದು ಐಬು ಐತಿ ಮತ್ತ. ಪೆಟ್ರೋಲ್ ಆರತೈತಿ. ಇವತ್ತ ತುಂಬಿ ಟ್ರಂಕಿನಾಗ ಜ್ವಾಕಿ ಇಟ್ರ, ಎಂಟ ದಿನಕ್ಕ ಒಣಾ ಬತ್ತಿ. ಆಟದ ದಿನ ಮುಂಜಾನೆ ತುಂಬ್ರಿ. ಮ್ಯಾಲಿಂದ ಒರಸ್ರಿ. ಮೂರ ಸಲ ಹೊಡದ ನೋಡಿ ಮುಚ್ಚಿ ಬಿಡ್ರಿ. ಆಮ್ಯಾಗ ನಿಮ್ಮ ಟೈಮ್ ಬರೂತನಕ ಮುಟ್ಟಬ್ಯಾಡ್ರಿ. ತಿಳೀತಿಲ್ಲೋ? ಮುಟ್ಟಬ್ಯಾಡ್ರಿ."

ಮುಟ್ಟಬೇಡ ಎಂಬುದೇ ಕಷ್ಟವಾಯಿತು. ಸರೋಜವ್ವ ಹಳೆಯ ರವಿಕೆ ಖಣದ ತುಂಡಿನಲ್ಲಿ ಒಂದು ಪುಟ್ಟ ಚೀಲ ಹೊಲಿದು, ಲೈಟರನ್ನು ಅದರಲ್ಲಿ ಹಾಕಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು. ಗಿರಣಿಯಲ್ಲಿ ರೂಢಿ ಮಾಡಲು ಅದೇ ಅಳತೆಯ ಸುಣ್ಣದ ಡಬ್ಬಿ ಕೊಟ್ಟಳು. ಮೂರು ತಿಂಗಳು ಉಳಿವೆಪ್ಪ ಸುಣ್ಣದ ಡಬ್ಬಿಯ ಮುಚ್ಚಳ ತೆರೆದು, ಹೆಬ್ಬೆರಳು ಎಳೆದು, ಮುಚ್ಚಿದ. ಮಾತಿನ ಕಡೆ ಲಕ್ಷ್ಯ ಕೊಡಲಿಲ್ಲ. ಇಪ್ಪತ್ತಾರು ವರ್ಷ ಹೇಳಿದ ಮಾತು ಎಲ್ಲಿಗೆ ಹೋದೀತು?

ಹಿರೇಕೆರೂರಿನ ದಿನ ಬೆಳಿಗ್ಗೆ ಎಲ್ಲ ರಾಜೇಸಾಬರು ಹೇಳಿದಂತೆಯೇ ಆಯಿತು. ತುಂಬಿದ, ಒರೆಸಿದ, ಮೂರು ಸಲ ಹೊಡೆದ. ಮೂರಕ್ಕೆ ಮೂರೂ ಹತ್ತಿತು. ವ್ಯಾನಿನಲ್ಲಿ ಅಂಕಿತಾ ಐದು ತಿಂಗಳ ಕೂಸನ್ನು ಎತ್ತಿಕೊಂಡು ಕೂತಿದ್ದಳು. ಉಳಿವೆಪ್ಪ ಪಕ್ಕಕ್ಕೆ ಬಂದ ಕೂಡಲೇ ಮೂಗು ಹಿಡಿದಳು.

"ಕಾಕಾ, ಸಾಬಾಣ ಹಚ್ಚಿ ಕೈ ತೊಳಕೊಂಡ ಬರ್ರಿ. ಪೆಟ್ರೋಲ್ ವಾಸನಿಗೆ ಕೂಸು ಸೀನತೈತಿ."

ಎರಡು ಗಂಟೆಗೆ ಎಂದಿದ್ದ ಸರದಿ ಮೂರಾಯಿತು, ನಾಲ್ಕಾಯಿತು. ಬಣ್ಣ ಹಚ್ಚಿದ ಮುಖ ಬೆವರಿತು. ಮೇಕಪ್ ಕೋಣೆಯಲ್ಲಿ ಸರೋಜವ್ವ ಅಂಕಿತಾಳ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದಳು. ಉಳಿವೆಪ್ಪ ನಾಲ್ಕನೆಯ ಸಲ ಅವಳ ಮುಂದೆ ಬಂದು ನಿಂತ.

"ಒಮ್ಮೆ ನೋಡಿ ಕೊಡ್ತೇನಿ."

"ಏನು ನೋಡ್ತೀರಿ?"

"ಈ ಸೆಕಿಗೆ ಆರಿತ್ತಂದ್ರ?"

"ಆರಿಲ್ಲ. ಕುಂದರ್ರಿ. ಕೂಸು ಈಗ ಕಣ್ಣ ಮುಚ್ಚೈತಿ."

ಅಷ್ಟರಲ್ಲಿ ಕೊಟ್ರೇಶ ಬಂದು ಅವನ ಅಂಗಿಯ ಜೇಬಿಗೆ ಏನೋ ತುರುಕಿದ. ಮುಟ್ಟಿ ನೋಡಿದರೆ ಕಡ್ಡಿಪೆಟ್ಟಿಗೆ.

"ಇರ್ಲಿ ಕಾಕಾ. ವ್ಯಾಳ್ಯಾಕ್ಕ ಬೇಕಾಗತೈತಿ."

ಸಿಟ್ಟು ಬರಲಿಲ್ಲ, ಅದೇ ಅವನಿಗೆ ಆಶ್ಚರ್ಯ. ಹೆದರಿಕೆಯಾಯಿತು. ಜೇಬಿನಲ್ಲಿದ್ದರೆ ಕೈ ತಾನಾಗಿ ಅದರ ಕಡೆ ಹೋದೀತು. ಅದನ್ನು ತೆಗೆದನೆಂದರೆ ಸಾಯುವವರೆಗೂ ಆ ಹೆಸರು ಹೋಗದು. ಗೋಡೆಗೆ ಒರಗಿ ನಿಂತ ಬಸವೇಶ ಫೋನು ನೋಡುವವನಂತೆ ತಲೆ ತಗ್ಗಿಸಿ, ಇವನನ್ನೇ ನೋಡುತ್ತಿದ್ದ. ಉಳಿವೆಪ್ಪ ಪೆಟ್ಟಿಗೆಯನ್ನು ತೆಗೆದು ಕನ್ನಡಿಯ ಮುಂದಿಟ್ಟ. ಸರೋಜವ್ವ ಆಗ ಚೀಲ ಬಿಚ್ಚಿ, ತನ್ನ ಸೆರಗಿನಿಂದ ಅವನ ಎರಡೂ ಅಂಗೈ ಒರೆಸಿ, ಲೈಟರು ಕೊಟ್ಟಳು.

ಮೂರನೇ ಅಂಕ. ರಂಗದ ಎರಡೂ ಬದಿಗೆ ಎತ್ತರದ ಫ್ಯಾನುಗಳು ಭರ್ರೆಂದು ತಿರುಗುತ್ತಿದ್ದವು. ಕಚ್ಚೆಯ ಚುಂಗು ಹಾರುತ್ತಿತ್ತು. ಅಂಕಿತಾ ಅಂಗಳದಲ್ಲಿ ಮೊಣಕಾಲೂರಿದಳು. ಉಳಿವೆಪ್ಪ ಪೈಪು ತುಂಬಿದ. ಒಳಗಿದ್ದದ್ದು ಸರೋಜವ್ವ ಒಣಗಿಸಿ ಕೊಟ್ಟ ಪುದೀನ; ತಂಬಾಕಾದರೆ ಅವನಿಗೆ ಕೆಮ್ಮು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ತಿಳವಳ್ಳಿಯ ವಿಡಿಯೋ ಇಲ್ಲಿಗೂ ಬಂದಿರಬೇಕು. ನಾಲ್ಕೈದು ಫೋನುಗಳು ಮೇಲೆದ್ದವು, ಎಲ್ಲವೂ ಅವನ ಕೈಯ ಕಡೆಗೆ.

ಮುಚ್ಚಳ ತೆರೆದ. ಹೆಬ್ಬೆರಳು ಎಳೆದ.

ಹತ್ತಿತು.

ಫ್ಯಾನಿನ ಗಾಳಿಗೆ ಬೆಂಕಿ ಒಮ್ಮೆ ಪೂರ್ತಿ ಮಲಗಿ ಎದ್ದಿತು. ದಮ್ಮು ಎಳೆದಾಗ ಹೇಳಿ ಕಳಿಸಿದಂತೆ ಪೈಪಿನೊಳಕ್ಕೆ ಬಾಗಿತು. ಹೊಗೆ ಬಂತು. ಉಳಿವೆಪ್ಪ ಆ ಹಳದಿ ಬೆಂಕಿಯನ್ನು ನೋಡುತ್ತ ನಿಂತ. ಎಷ್ಟು ಚೆಂದ ಉರಿಯುತ್ತಿದೆ! ಒಂದೇ ಏಟಿಗೆ. ರಾಜೇಸಾಬರು ಇಲ್ಲಿದ್ದಿದ್ದರೆ ನೋಡುತ್ತಿದ್ದರು. ಮೈಯೊಳಗಿನ ಒಂದು ವರ್ಷದ ಭಾರ ಇಳಿಯಿತು. ಅದರ ಜೊತೆಗೆ ಮಾತೂ ಇಳಿದುಹೋಯಿತು.

ಏನು ಹೇಳಬೇಕು?

ನೆನಪಾಗಲಿಲ್ಲ. ಈ ಬೆಂಕಿ... ಬೆಂಕಿಗೆ ಏನು? ಇಪ್ಪತ್ತಾರು ವರ್ಷದ ಮಾತಿನ ಜಾಗದಲ್ಲಿ ಬರೀ ಗಿರಣಿಯ ಸದ್ದು. ಕಿಸಕ್ಕೆಂದವರು ಸುಮ್ಮನಾದರು. ಅಂಕಿತಾ ತಲೆಯೆತ್ತಿ ಅವನ ಕಣ್ಣು ನೋಡಿದಳು. ಅವಳ ಮುಖದಲ್ಲಿ ನಿಜವಾದ ಗಾಬರಿ ಮೂಡಿತು. ಪರದೆಯ ಸಂದಿನಲ್ಲಿ ಕೊಟ್ರೇಶ ಬಾಯಿ ಅಲ್ಲಾಡಿಸುತ್ತಿದ್ದ. ಉಳಿವೆಪ್ಪ ಅತ್ತ ನೋಡುವಂತಿರಲಿಲ್ಲ, ನೋಡಿದರೆ ಸಿಕ್ಕಿಬಿದ್ದಂತೆ. ಬೆಂಕಿಯನ್ನೇ ನೋಡುತ್ತ ನಿಂತ. ಲೈಟರಿನ ಉಕ್ಕು ಬಿಸಿಯಾಗತೊಡಗಿತು. ಮತ್ತೂ ಬಿಸಿಯಾಯಿತು. ಹೆಬ್ಬೆರಳು ಚುರ್ ಎಂದಿತು. ತಡೆಯಲಾರದೆ ಮುಚ್ಚಳ ಮುಚ್ಚಿದ.

ಟಪ್.

ಆ ಸದ್ದಿನ ಬೆನ್ನಿಗೇ ಮಾತು ಎದ್ದು ಬಂತು, ಸುಟ್ಟ ಬೆರಳಿನ ನೋವನ್ನೂ ಕಟ್ಟಿಕೊಂಡು, ಹಲ್ಲು ಕಚ್ಚಿದ ತಗ್ಗು ದನಿಯಲ್ಲಿ: "ಈ ಬೆಂಕಿಗೆ ತಂಬಾಕ ಯಾವುದು... ಮಾಳಿಗಿ ತೊಲಿ ಯಾವುದು... ಗೊತ್ತಾಗಂಗಿಲ್ಲ ಗಂಗವ್ವಾ."

ಮೂರನೇ ಸಾಲಿನಲ್ಲಿ ಒಬ್ಬ ಹೆಂಗಸು ಮಗುವನ್ನು ಮಡಿಲಿಗೆ ಎಳೆದುಕೊಂಡಳು.

ಬಹುಮಾನ ಅವರಿಗೆ ಬರಲಿಲ್ಲ; ಅದು ಬೇರೆ ಊರಿನವರ ಪಾಲಾಯಿತು. ಆದರೆ ಕೊಟ್ರೇಶ ಓಡಿಬಂದು ಉಳಿವೆಪ್ಪನ ಕೈ ಹಿಡಿದುಕೊಂಡ. "ಕಾಕಾ! ಅದೇನ್ರಿ ಅದು, ಅಷ್ಟೊತ್ತು ಸುಮ್ಮ ನಿಂತದ್ದು! ನನಗ ಜೀವ ಹೋದಂಗಾತು. ಇನ್ನ ಮುಂದ ಪ್ರತಿ ಆಟಕ್ಕೂ ಹಂಗ ನಿಂದರಬೇಕು ನೋಡ್ರಿ. ಪಾತ್ರ ನಿಮ್ಮದ." ಹಿಂದೆ ನಿಂತಿದ್ದ ಬಸವೇಶ, "ಮುಂದಿನ ಸಲ ನನಗೂ ಕಲಸ್ರಿ ಕಾಕಾ," ಎಂದ. ಉಳಿವೆಪ್ಪ ಗೌಡನಂತೆಯೇ ತಲೆ ಅಲ್ಲಾಡಿಸಿದ. ಬೇಕೆಂದು ಮರೆಯುವುದು ಹೇಗೆಂದು ಅವನಿಗೇ ತಿಳಿದಿರಲಿಲ್ಲ.

ವ್ಯಾನು ಊರಿನ ದಾರಿ ಹಿಡಿದ ಮೇಲೆ ಸರೋಜವ್ವನ ಕಿವಿಯ ಹತ್ತಿರ ಬಾಗಿದ. "ಏ ಇವಳ, ನಾ ಮಾತ ಮರತಿದ್ದೆ."

"ಗೊತ್ತೈತಿ."

"ಹೆಂಗ?"

"ಪರದಿ ಸಂದ್ಯಾಗಿಂದ ನೋಡಾಕತ್ತಿದ್ದೆ. ನಿಮ್ಮ ಎಡಗಾಲ ಹೆಬ್ಬೆಟ್ಟ ಅಲ್ಲಾಡಾಕತ್ತಿತ್ತು. ಗಿರಣಿ ಕೀಲಿಕೈ ಎಲ್ಲಿಟ್ಟೇನಿ ಅಂತ ಮರತಾಗ ಹಿಂಗ ಅಲ್ಲಾಡತೈತಿ." ಅವಳು ಅವನ ಬೆರಳು ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದಳು. ಬೊಬ್ಬೆ ಏಳುತ್ತಿತ್ತು. "ಮನೀಗೆ ಹೋದಮ್ಯಾಗ ಲೋಳಸರ ಹಚ್ತೇನಿ. ಲೈಟರ್ ಇಲ್ಲಿ ಕೊಡ್ರಿ ಮೊದಲ."

ಕೊಟ್ಟ. ಅವಳು ಖಣದ ಚೀಲದ ದಾರ ಎಳೆದು ಬಿಗಿದಳು.

ಮರುದಿನ ಗಿರಣಿಯಲ್ಲಿ ಜೋಳ ಬೀಳುತ್ತಿರುವಾಗ ಅವನ ಕೈ ನಾಲ್ಕೈದು ಸಲ ತಾನಾಗಿಯೇ ಅಂಗಿಯ ಜೇಬಿಗೆ ಹೋಯಿತು. ಒಳಗೆ ಹಿಟ್ಟು ಮಾತ್ರ ಇತ್ತು.