ಕೂತ ಬೇರಿಂಗನ್ನು ಎಬ್ಬಿಸುವುದು

ಪೀಣ್ಯದ ಕಡೆಯ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಸರ್ವೀಸು ಪೂರ್ತಿ ನಾನು ಮಾಡಿದ್ದು ಒಂದೇ ಕೆಲಸ: ಬೇರಿಂಗ್ ಕೂರಿಸುವುದು. ಬಿಸಿ ಎಣ್ಣೆಯಲ್ಲಿ ಕಾಯಿಸಿ, ಇಕ್ಕಳದಲ್ಲಿ ಹಿಡಿದು, ಶಾಫ್ಟಿಗೆ ತೊಡಿಸಿದರೆ ಮುಗಿಯಿತು. ಮದುಮಗಳಿಗೆ ಬಳೆ ತೊಡಿಸಿದಷ್ಟೇ ಸಲೀಸು. ಹಾಗೆ ಕೂತದ್ದನ್ನು ಮುಂದೆ ಕೀಳುವವರು ಯಾರು, ಹೇಗೆ ಎಂದು ಒಂದು ದಿನವೂ ಯೋಚಿಸಲಿಲ್ಲ. ಅದು ರಿಪೇರಿಯವರ ಹಣೆಬರಹ ಅಂದುಕೊಂಡಿದ್ದೆ. ಆ ಹಣೆಬರಹ ಈಗ ನನ್ನ ಮನೆಗೇ ಬಂತು.

ಬಂದದ್ದು ನಮ್ಮ ಯಜಮಾನರ ಪುಟ್ಟ ಟ್ರ್ಯಾಕ್ಟರಿನ ದೆಸೆಯಿಂದ. ಅವರು ನನ್ನದೇ ಕಾರ್ಖಾನೆಯ ಸ್ಟೋರ್ಸಿನಲ್ಲಿದ್ದವರು. ನಿವೃತ್ತರಾದ ಹೊಸತರಲ್ಲಿ, ಲಗ್ಗೆರೆಯ ಮನೆಯಲ್ಲಿ, ಅಡುಗೆಮನೆ ಬಾಗಿಲಿಗೇ ಕುರ್ಚಿ ಹಾಕಿಕೊಂಡು ಕೂತುಬಿಟ್ಟರು. ಸಾಸಿವೆ ಡಬ್ಬಿ ಯಾಕೆ ಇಲ್ಲಿದೆ, ಹುಣಸೆಹಣ್ಣಿನ ಸ್ಟಾಕ್ ಎಷ್ಟಿದೆ, ಮೊದಲು ತಂದ ಬೇಳೆ ಮೊದಲು ಖರ್ಚಾಗಬೇಕಲ್ಲವೇ? ದೇವರೇ! ಆಮೇಲೆ ಮಾದನಾಯಕನಹಳ್ಳಿ ಹತ್ತಿರದ ನಮ್ಮ ತುಂಡು ಜಮೀನಿಗೆಂದು ಈ ಟ್ರ್ಯಾಕ್ಟರ್ ಬಂತು. ಬೆಳಿಗ್ಗೆ ಹೋದರೆ ಅವರು ಬರುವುದು ಊಟದ ಹೊತ್ತಿಗೆ. ರೇಡಿಯೊ ಹಾಕಿಕೊಂಡು, ಕಾಲು ಚಾಚಿ, ಒಬ್ಬಳೇ ಕಾಫಿ ಕುಡಿಯುವುದಿದೆಯಲ್ಲ, ಆ ಸುಖ ಇಂದ್ರಪದವಿಯಲ್ಲೂ ಇಲ್ಲ ಕಣ್ರೀ.

ಹೋದ ತಿಂಗಳು ಅದರ ಮುಂದಿನ ಚಕ್ರ ಕಿರುಗುಟ್ಟಿ ಓಲಾಡತೊಡಗಿತು. ಹೊಸ ಬೇರಿಂಗೂ, ಹಳೆಯದನ್ನು ಎಳೆಯುವ ಎರಡು ಕೊಕ್ಕೆಯ ಪುಲ್ಲರೂ ಪೀಣ್ಯದಲ್ಲಿ ಕೊಂಡು ಜಮೀನಿಗೆ ಹೋದೆ. ಕೊಟ್ಟು ಹೊರಟುಬಿಡುವ ಯೋಚನೆ. ನೋಡಿದರೆ, ಬೇರಿಂಗಿನ ಒಳಬಳೆ ತುಕ್ಕು ಹಿಡಿದು ಅಚ್ಚಿಗೆ ಅಂಟಿಕೊಂಡಿದೆ. ಯಜಮಾನರು ಎರಡು ಏಟು ಹಾಕಿ ಕೈಚೆಲ್ಲಿದರು. “ಸಾಕು ಕಣೇ, ಮಾರಿಬಿಡೋಣ. ಮನೆಯಲ್ಲೇ ಇರ್ತೀನಿ, ನಿನಗೂ ಜೊತೆಯಾಗುತ್ತೆ” ಅಂದರು.

ಅಡುಗೆಮನೆ ಬಾಗಿಲ ಆ ಕುರ್ಚಿ ಮತ್ತೆ ಕಣ್ಣಮುಂದೆ ಬಂತು. ಪಕ್ಕದ ಜಮೀನಿನವನು ಆಗಲೇ ಬಂದು ನಿಂತಿದ್ದ. “ಇಂಗೇ ಕೊಟ್ಬಿಡಿ ಅಕ್ಕಾ, ಸಂಜೀಕೆ ಎಳ್ಕೊಂಡೋಯ್ತೀನಿ.”

“ಸಂಜೆಗೆ ತಾನೇ? ಆಗ ಬಾರಪ್ಪ” ಅಂದು ಸೆರಗು ಸಿಕ್ಕಿಸಿದೆ.

ಸೀಮೆಎಣ್ಣೆ ಸುರಿದೆ. ಪುಲ್ಲರ್ ಹಾಕಿ ತಿರುಗಿಸಿದೆ. ಕೊಕ್ಕೆ ಜಾರಿ ಮೊಣಕೈ ತರಚಿತೇ ಹೊರತು ಬಳೆ ಕದಲಲಿಲ್ಲ. ಹಿಂದಿನವರು ಎತ್ತಿನ ಗಾಡಿ ಹೂಡುವ ಮೊದಲು ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದರು. ಎಣ್ಣೆಯ ಕೊಳವೆ ಗಾಡಿಗೇ ನೇತಾಡುತ್ತಿತ್ತು. ನಮ್ಮ ಸ್ಟೋರ್ಸಿನ ಮಹಾಶಯರೋ, ಟ್ರ್ಯಾಕ್ಟರಿನ ಜೊತೆ ಬಂದ ಗ್ರೀಸ್ ಡಬ್ಬಿಯ ಸೀಲೇ ಒಡೆದಿರಲಿಲ್ಲ. ಕೇಳಿದರೆ, “ಸ್ಟಾಕ್ ಇರಲಿ ಅಂತ” ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು.

ಸಾಲದ್ದಕ್ಕೆ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಸಲಹೆ ಬೇರೆ. “ಎಡಕ್ಕೆ ಸ್ವಲ್ಪ... ಹುಷಾರು ಕಣೇ.” ಬೇರಿಂಗೂ ಕೂತಿದೆ, ಇವರೂ ಕೂತಿದ್ದಾರೆ, ಇಬ್ಬರಲ್ಲಿ ಒಬ್ಬರಾದರೂ ಏಳಬಾರದೇ! “ರೀ, ಎದ್ದು ಕಾಫಿಗೆ ನೀರಾದರೂ ಇಡಿ” ಎಂದು ಗದರಿದೆ.

ಜಮೀನಿನ ಶೆಡ್ಡಿನೊಳಗೆ ಒಲೆಯ ಮೇಲೆ ನೀರು ಕುದಿಯುವ ಸದ್ದಿಗೆ ತಟ್ಟನೆ ಹೊಳೆಯಿತು. ಕಬ್ಬಿಣ ಕಾದರೆ ಹಿಗ್ಗುತ್ತದೆ ಅಂತಲೇ ಅಲ್ಲವೇ ನಾನು ಅಷ್ಟು ವರ್ಷ ಕಾಯಿಸಿ ಕೂರಿಸಿದ್ದು? ಕಾಯಿಸಿ ಎಬ್ಬಿಸಬಾರದೇಕೆ? ಥೂ ನನ್ನ ಬುದ್ಧಿಯೇ! ಪುಲ್ಲರ್ ಬಿಗಿ ಮಾಡಿ, ಬಳೆಗೆ ಬಟ್ಟೆ ಸುತ್ತಿ, ಕುದಿಯುವ ನೀರು ಹೊಯ್ದೆ. ಮತ್ತೆ ಹೊಯ್ದು ತಿರುಗಿಸಿದೆ. ಟಣ್ ಅಂತ ಬಿಟ್ಟುಕೊಂಡಿತು ಪಾಪಿ! ಕಾಫಿ ಹೋಯಿತು, ಬೇರಿಂಗ್ ಬಂತು.

ಹೊಸದನ್ನು ಕೂರಿಸಿ, ಡಬ್ಬಿಯ ಸೀಲು ನಾನೇ ಒಡೆದು ಗ್ರೀಸ್ ಮೆತ್ತಿದೆ. ಸಂಜೆ ಬಂದವನು ಸಪ್ಪೆ ಮೋರೆ ಹಾಕಿಕೊಂಡು ಹೋದ. ಯಜಮಾನರು ಹಿಗ್ಗಿ ಹೀರೇಕಾಯಿಯಾದರು. “ಭೇಷ್ ಕಣೇ! ನಾಳೆಯಿಂದ ನೀನೂ ದಿನಾ ಬಂದ್ಬಿಡು. ಮನೆಯಲ್ಲಿ ಒಬ್ಬಳೇ ಕೂತು ಏನ್ ಮಾಡ್ತೀಯ?”

ನಾನು ಯಾವುದಕ್ಕೆ ಇಷ್ಟೆಲ್ಲ ಒದ್ದಾಡಿದೆನೋ ಅದೇ ಹೋಯಿತು. ಅಳುವುದೊಂದು ಬಾಕಿ.

ಮಾರನೆಯ ದಿನದಿಂದ ಹೊಲದ ಬದುವಿನಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಕೂತ ಮೇಲೆ ಸುಮ್ಮನಿರಲಾಗುತ್ತದೆಯೇ? “ಎಡಕ್ಕೆ ಸ್ವಲ್ಪ ರೀ... ಹುಷಾರು... ಗ್ರೀಸ್ ಹಾಕಿದ್ರಾ?” ವಾರ ಕಳೆಯುವುದರೊಳಗೆ ಅವರು ಟ್ರ್ಯಾಕ್ಟರ್ ನಿಲ್ಲಿಸಿ ಹತ್ತಿರ ಬಂದರು. “ನೀನು ಮನೆಯಲ್ಲೇ ಆರಾಮಾಗಿರು ಕಣೇ. ಇಲ್ಲಿ ಬಿಸಿಲು ಜಾಸ್ತಿ” ಅಂದರು.

ತಲೆಯೆತ್ತಿ ನೋಡಿದೆ. ಆಕಾಶದ ತುಂಬ ಮೋಡ. ನನ್ನನ್ನು ಎಬ್ಬಿಸುವುದಕ್ಕೆ ಕುದಿನೀರೇನೂ ಬೇಕಾಗಲಿಲ್ಲ. ಕುರ್ಚಿ ಮಡಚಿಕೊಂಡು ಎದ್ದೆ.