ನಾಲ್ಕಕ್ಷರ ಕಲಿತ ಸಿದ್ದತ್ತೆ

ನಿನ್ನೆ ಮಾಗಡಿ ಬಸ್ಸಿನಲ್ಲಿ ಮುಂದಿನ ಸೀಟಿನ ತಾಯಿಯೊಬ್ಬಳು ಮಗಳನ್ನು, "ನಾಲ್ಕಕ್ಷರ ಕಲ್ತ್ಕೊಳ್ಳೇ" ಎಂದು ಗದರಿಸುತ್ತಿದ್ದಳು. ಮಾತು ನನಗಲ್ಲ, ಆದರೂ ಕೂತಲ್ಲಿ ಕೂರಲಾಗಲಿಲ್ಲ. ಕಿಟಕಿ ತೆಗೆದೆ, ಮುಚ್ಚಿದೆ, ಮತ್ತೆ ತೆಗೆದೆ.

ಐವತ್ತರಷ್ಟು ಅಕ್ಷರವಿರುವ ಭಾಷೆಯಲ್ಲಿ ನಾಲ್ಕೇ ಯಾಕೆ ಎಂದು ನೀವೂ ಒಮ್ಮೆ ಯೋಚಿಸಿರಬಹುದು. ನನ್ನನ್ನು ಹಾಗೆ ಕೇಳಿದವಳು ಸಿದ್ದತ್ತೆ, ಅಪ್ಪನ ಅಕ್ಕ. ಗಂಡ ಸತ್ತ ಮೇಲೆ ಮಾಗಡಿ ಹತ್ತಿರದ ನಮ್ಮೂರು ಕಲ್ಯದ ಮನೆಗೆ ಬಂದವಳು, ತಾತ ಅವಳ ಹೆಸರಿಗೆ ಬರೆದಿದ್ದ ಹೊಲದಲ್ಲಿ ರಾಗಿ ಬೆಳೆಯುತ್ತಿದ್ದಳು. ನಾನಾಗ ಕಾಲೇಜಿನ ಮೊದಲ ವರ್ಷ. ರಜೆಯಲ್ಲಿ ಊರಿನ ಹೆಂಗಸರಿಗೆಲ್ಲ ಓದು ಕಲಿಸುವ ಹುಮ್ಮಸ್ಸು.

"ಯಾವ ನಾಲ್ಕು ಮಗ?" ಎಂದಳು.

ನಾಲ್ಕು ಜನ, ನಾಲ್ಕು ಮಾತು, ನಾಲ್ಕು ದಿನ ಅನ್ನುವುದಿಲ್ಲವೇ, ಹಾಗೆ ನಾಲ್ಕೆಂದರೆ ಒಂದಿಷ್ಟು ಎಂದೆ. ಮೊದಲು ಹಾಗಂದವರು ಯಾರೋ ನನಗೇನು ಗೊತ್ತು. ಗೊತ್ತಿರುವವಳಂತೆ ಕನ್ನಡಕ ಮಾತ್ರ ಸರಿಮಾಡಿಕೊಂಡೆ.

"ಹಂಗಾರೆ ಒಸಿ ಸಾಕು ಅನ್ನು," ಎಂದು ನಕ್ಕಳು. ನಾನು ಹಾಳೆಯಲ್ಲಿ ಬರೆದುಕೊಟ್ಟದ್ದನ್ನು ತಿದ್ದಿ ತಿದ್ದಿ, ಕೂಡಿಸಿ ಓದುವಷ್ಟಾದಳು.

ಆ ಬೇಸಿಗೆಯಲ್ಲೇ ಅಪ್ಪ ಒಂದು ಕರಡು ತಂದು, "ನಿನ್ನ ಅಕ್ಷರ ಮುದ್ದಾಗೈತೆ, ನಕಲು ಮಾಡು" ಎಂದರು. ಅತ್ತೆ ತನ್ನ ಹೊಲವನ್ನು ತಮ್ಮನಿಗೆ ಬಿಟ್ಟುಕೊಡುವ ಪತ್ರ. ಅರ್ಥವಾಗಲಿಲ್ಲ ಅಂದರೆ ಸುಳ್ಳಾದೀತು. ಬಾಯಿ ಬಿಡದೆ ಬರೆದುಕೊಟ್ಟೆ.

ಮಾರನೆಯ ದಿನ ಜಗಲಿಯಲ್ಲಿ ಅಪ್ಪ, ಅಕ್ಕ ಓದುವಷ್ಟು ಕಲಿತಿದ್ದಾಳೆಂದು ತಿಳಿಯದೆ, "ಕಂದಾಯದ ಕಾಗ್ದ ಕಣಕ್ಕ, ಹೆಬ್ಬೆಟ್ಟು ಒತ್ತು" ಎಂದರು. ಅತ್ತೆ ಶಾಯಿಯ ಡಬ್ಬಿಯನ್ನು ಪಕ್ಕಕ್ಕಿಟ್ಟು ಓದತೊಡಗಿದಳು. ಇರುವೆ ಹರಿದಂತೆ ಬೆರಳು ಸಾಲಿನ ಮೇಲೆ ಸಾಗಿತು. ನಾನು ಒಳಗೂ ಹೊರಗೂ ಓಡಾಡಿದೆ, ಬಾಯಾರದಿದ್ದರೂ ಎರಡು ಸಲ ನೀರು ಕುಡಿದೆ. "ಬಿ...ಟ್ಟು...ಕೊ...ಟ್ಟಿದ್ದೇನೆ" ಎಂದು ಮುಗಿಸಿ ತಲೆಯೆತ್ತಿದಳು.

"ನಾನ್ಯಾವತ್ತಪ್ಪ ಬುಟ್ಕೊಟ್ಟೆ?"

ಅಪ್ಪ ಶಾಯಿಯ ಡಬ್ಬಿಗೆ ಮುಚ್ಚಳ ಹಾಕಿದರು. ಅವಳು ಕಾಗದ ಮಡಚಿ ಅವರ ಕೈಗಿಟ್ಟು ಹೊಲಕ್ಕೆ ಹೋದಳು. ಕೊನೆಯವರೆಗೂ ಆ ಹೊಲ ಅವಳದೇ ಆಗಿತ್ತು. ಅಪ್ಪ ತಿಂಗಳುಗಟ್ಟಲೆ ನನ್ನೊಡನೆ ಮಾತು ಬಿಟ್ಟರು. ಓದು ಕಲಿಸಿದ್ದು ನಾನಲ್ಲವೇ. ಅತ್ತೆ ಮಾತ್ರ ಮರುದಿನವೂ ಪಾಠಕ್ಕೆ ಬಂದು ಕೂತಳು. ಅವಳ ಮುಖ ನೋಡಲು ನನಗೇ ಆಗುತ್ತಿರಲಿಲ್ಲ.

ಎಷ್ಟೋ ವರ್ಷದ ಮೇಲೆ, ಅವಳು ಹಾಸಿಗೆ ಹಿಡಿದಾಗ, ಹೇಳಿಬಿಟ್ಟೆ: "ಅತ್ತೆ, ಆ ಪತ್ರ ಬರೆದೋಳು ನಾನು."

"ಗೊತ್ತು ಕಣವ್ವ," ಎಂದಳು. "ಆಗ ನಿನ್ನ ಬರವಣಿಗೆ ಬುಟ್ಟು ಬೇರೆ ಯಾರ್ದೂ ನಂಗೆ ಓದಕ್ಕೆ ಬತ್ತಿರ್ಲಿಲ್ಲ."

ಅಪ್ಪನ ಹೆಸರು ಕೆಡುತ್ತದೆಂದು ಇದನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ. ನಿನ್ನೆ ಬಸ್ಸಿಳಿದು ಬಂದವಳು ಮೊದಲು ನನ್ನ ಮಗಳಿಗೆ ಹೇಳಿದೆ, ಆಮೇಲೆ ನಿಮಗೆ.